ಯೂಲಿ ಗುಂಡರ್ಟ್ ಅಮ್ಮನವರು

ನಮ್ಮ ವೀರರಾಜಪೇಟೆಯಿಂದ ಪೆರುಂಬಾಡಿಯ ಘಟ್ಟವನ್ನಿಳಿದು ಹೋಗುವ ದಾರಿಯು ತಲಶೇರಿಯನ್ನು ಮುಟ್ಟುತ್ತದೆ. ಕೊಡಗಿನ ಕಾಫಿಯು ಪೂರ್ವದಲ್ಲಿ ಆ ರೇವಿನಿಂದಲೇ ಹಡಗನ್ನೇರುತ್ತಿತ್ತು. ಅಲ್ಲಿಯ ಇಲ್ಲಿಕ್ಕುನ್ನು ಗುಡ್ಡದ ಮೇಲೆ 1839ರಿಂದ ವಾಸಿಸಿದ ಒಬ್ಬ ತಾಯಿಯ ಚರಿತ್ರೆಯನ್ನು ವಾಚಕರಿಗೆ ತಿಳಿಸಲಪೇಕ್ಷಿಸುತ್ತೇವೆ.

ಯೂಲಿ ಅಮ್ಮನವರು 1809ರಲ್ಲಿ ಸ್ವಿಟ್ಜರ್ಲೆಂಡ್ ದೇಶದಲ್ಲಿ ಹುಟ್ಟಿದರು. ಫ್ರೆಂಚ್ ಅವರ ಮನೆಮಾತು. ಇನ್ನೂ ಕನ್ಯೆಯಾಗಿದ್ದಾಗಲೇ 1836ರಲ್ಲಿ ಗ್ರೋವ್ಸ್ ಅಯ್ಯನವರ ಸಂಗಡಿಗರೊಂದಿಗೆ ಸಮುದ್ರ ದಾಟಿ ಹಿಂದುಸ್ಥಾನಕ್ಕೆ ಬಂದು, 1838ರಲ್ಲಿ ಚಿತ್ತೂರಿನಲ್ಲಿ ಹೆರ್ಮನ್ ಗುಂಡರ್ಟ್ ಅಯ್ಯನವರನ್ನು ಮದುವೆಯಾದರು. ಬಳಿಕ ತಿರುನೆಲ್ವೇಲಿ, ಮಂಗಳೂರು, ತಲಶೇರಿ, ಚಿರಕ್ಕಲ್. ಮಂಗಳೂರಿನಲ್ಲಿದ್ದ ಅವರ ಸ್ನೇಹಿತರಾದ ಮೋಗ್ಲಿಂಗ್ ಅಯ್ಯನವರೇ 1853ರಲ್ಲಿ ನಮ್ಮ ಕೊಡಗಿಗೆ ಬಂದವರು.

ಅಯ್ಯನವರ ಮಲೆಯಾಳ ನಿಘಂಟನ್ನು ಲೋಕವೆಲ್ಲ ಬಲ್ಲದು. ಅಮ್ಮನವರ ಕೆಲಸವನ್ನು ಬಲ್ಲವರು ಕೊಂಚ. ಅವರು ಹೆಣ್ಣುಮಕ್ಕಳನ್ನು ಹತ್ತಿರ ಇಟ್ಟುಕೊಂಡು, ಅನ್ನವಸ್ತ್ರಗಳನ್ನು ಕೊಟ್ಟು, ಓದುಬರಹ ಕಲಿಸಿದರು. ಹುಡುಗಿಯರಿಗೆ ಅಕ್ಷರವೇತಕ್ಕೆಂದು ಊರವರು ಕೇಳುತ್ತಿದ್ದ ಕಾಲವದು.

1842ರಲ್ಲಿ ಅವರಿಗೆ ಮೇರಿ ಎಂಬ ಮಗಳು ಹುಟ್ಟಿದಳು. 1845ರಲ್ಲಿ ಸ್ವದೇಶಕ್ಕೆ ಹೋದ ದಂಪತಿಗಳು ತಿರುಗಿ ಹೊರಡುವಾಗ ಆ ಎಳೆಯ ಮಗುವನ್ನೂ ಅವಳ ಅಣ್ಣಂದಿರನ್ನೂ ಅಲ್ಲಿಯೇ ಬಿಟ್ಟು ಬಂದರು. ಮಿಶನರಿಗಳ ಮನೆಗಳಲ್ಲಿ ಆಗ ಇದೇ ವಾಡಿಕೆ. ಪರರ ಮಕ್ಕಳಿಗೆ ತಾಯಿಯಾದವರು ತಮ್ಮ ಮಗಳನ್ನು ಪುನಃ ಕಂಡದ್ದು 1857ರಲ್ಲಿ. ಆಗ ಅವಳಿಗೆ ಹದಿನೈದು ವರುಷ. ಇದು ಸರಿಯೋ ಎಂದು ಕೇಳುವವರಿಗೆ, ಆ ಮಗುವನ್ನು ನೆನೆದರೆ, ನಾವು ಸುಲಭವಾಗಿ ಉತ್ತರ ಕೊಡಲಾರೆವು.

ಪತಿಯು ರೋಗದಿಂದ 1859ರಲ್ಲಿ ಹಿಂದಿರುಗಲು, ಅಮ್ಮನವರು ಮರುವರುಷ ಹಿಂಬಾಲಿಸಿದರು. 1885ರಲ್ಲಿ ಜರ್ಮನಿಯ ಕಾಲ್ವ್ ಪಟ್ಟಣದಲ್ಲಿ ನಿದ್ರೆಹೋದರು. ಮೇರಿಯ ಮಗನಾದ ಹೆರ್ಮನ್ ಹೆಸ್ಸೆಗೆ 1946ರಲ್ಲಿ ಸಾಹಿತ್ಯದ ನೊಬೆಲ್ ಬಹುಮಾನವು ದೊರೆಯಿತು.