ಕಪ್ಪೆಗಳ ಪ್ರೊಫೆಸರ್ ಸಿ. ಆರ್. ನಾರಾಯಣ ರಾವ್

ಕೆರೆಯಂಚಿನಲ್ಲಿ ಗೊದಮೊಟ್ಟೆ ಹಿಡಿಯದ ಹುಡುಗರು ನಮ್ಮಲ್ಲಿ ಯಾರೂ ಇಲ್ಲ. ಆದರೆ ಗೊದಮೊಟ್ಟೆಯೇ ಆಗದೆ, ಮೊಟ್ಟೆಯಿಂದ ನೇರವಾಗಿ ಕಾಲು ಸಮೇತ ಹೊರಗೆ ಬರುವ ಪೊದೆಗಪ್ಪೆಗಳೂ ನಮ್ಮ ಜಿಲ್ಲೆಯಲ್ಲೇ ಇವೆ, ಗೊತ್ತಾ? ಮೂಡಿಗೆರೆ ಕಡೆಯ ಕೊಟ್ಟಿಗೆಹಾರದಲ್ಲಿ ಸಿಕ್ಕ ಅಂಥದೊಂದು ಕಪ್ಪೆಗೆ 1937ರಲ್ಲಿ ಹೆಸರಿಟ್ಟವರು ಪ್ರೊ. ನಾರಾಯಣ ರಾವ್. ಊರಿನ ಹೆಸರಿನ ಜೊತೆ ಕಡೂರು ಅಂತಲೂ ಬರೆದಿದ್ದಾರೆ. ಆಗ ನಮ್ಮ ಜಿಲ್ಲೆಗೇ ಕಡೂರು ಜಿಲ್ಲೆ ಎಂದು ಹೆಸರು! ಅದನ್ನು ತಿಳಿದಾಗಿನಿಂದ ಇವರು ನಮ್ಮವರೇ ಅಂತ ನನಗೆ ಅನ್ನಿಸಿಬಿಟ್ಟಿದೆ.

ಇವರು ಜನಿಸಿದ್ದು 1882ರಲ್ಲಿ. ಬಳ್ಳಾರಿಯಲ್ಲೂ ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲೂ ಓದಿದರು. ಮುಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. 1932ರಲ್ಲಿ ಶುರುವಾದ 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರೂ ಇವರೇ. ಆದರೂ ಮನಸ್ಸೆಲ್ಲಾ ಮಲೆನಾಡಿನ ಕಪ್ಪೆಗಳ ಮೇಲೆ.

ಒಂದೇ ಮೊಟ್ಟೆ ಸಾವಿರಾರು ಜೀವಕೋಶಗಳಾಗಿ ಒಡೆಯುತ್ತದಲ್ಲ, ನೀನು ಕಾಲಾಗು, ನೀನು ಕಣ್ಣಾಗು ಅಂತ ಅವಕ್ಕೆ ಹೇಳೋರು ಯಾರು? ಒಂದು ಕಡೆಯ ಕೋಶಗಳು ಪಕ್ಕದವಕ್ಕೆ ಸಂದೇಶ ಕೊಡುತ್ತವೆ ಎಂಬುದನ್ನು 1924ರಲ್ಲಿ ಜರ್ಮನಿಯ ಹಿಲ್ಡೆ ಮ್ಯಾಂಗೋಲ್ಡ್ ಮತ್ತು ಸ್ಪೀಮನ್ ತೋರಿಸಿದ್ದರು. ಅವರು ಕಪ್ಪೆಯ ನೆಂಟನಾದ ನ್ಯೂಟ್ ಎಂಬ ಪ್ರಾಣಿಯ ಭ್ರೂಣದ ಚೂರನ್ನು ಇನ್ನೊಂದಕ್ಕೆ ಕಸಿ ಮಾಡಿದಾಗ, ಅದರ ಮೈಮೇಲೆ ಎರಡನೇ ಭ್ರೂಣವೇ ಮೂಡಿತು! ಆದರೆ ಆ ಸಂದೇಶ ಕೋಶದೊಳಗೆ ಹೋಗುವುದು ಹೇಗೆ ಎಂಬುದು ರಾಯರ ಕಾಲಕ್ಕೆ ಬಿಡಿಸದ ಒಗಟು.

ಈಗ ಗೊತ್ತಾಗಿದೆ. ಕೋಶದ ಸುತ್ತ ಕೊಬ್ಬಿನ ತೆಳು ಪೊರೆ ಇರುತ್ತದೆ. ಸಂದೇಶ ತಂದ ಪ್ರೋಟೀನು ಅದನ್ನು ತೂರಿ ಹೋಗಲಾರದು. ಪೊರೆಯಲ್ಲಿ ಗ್ರಾಹಕ ಎಂಬ ಇನ್ನೊಂದು ಪ್ರೋಟೀನು ನಾಟಿಕೊಂಡಿರುತ್ತದೆ, ತಲೆ ಹೊರಗೆ, ಬಾಲ ಒಳಗೆ. ಕಾಲು ಚಿಗುರುವ ಜಾಗವನ್ನೇ ನೋಡಿ. ಅಲ್ಲಿ ಸಂದೇಶ ತಲೆಗೆ ಅಂಟಿತು ಅನ್ನಿ, ಎರಡು ಗ್ರಾಹಕಗಳು ಜೋಡಿಯಾಗಿ ಒಂದರ ಬಾಲಕ್ಕೆ ಇನ್ನೊಂದು ಫಾಸ್ಫೇಟ್ ಸಿಕ್ಕಿಸುತ್ತವೆ. ಅದೇ ಗುರುತು. ಒಳಗಿನ ಪ್ರೋಟೀನುಗಳು ಸುದ್ದಿಯನ್ನು ಕೈಯಿಂದ ಕೈಗೆ ದಾಟಿಸಿ ಕೋಶಕೇಂದ್ರಕ್ಕೆ ಮುಟ್ಟಿಸುತ್ತವೆ. ಅಲ್ಲಿ ಬೇಕಾದ ಜೀನುಗಳು ಕೆಲಸಕ್ಕೆ ತೊಡಗುತ್ತವೆ. ಸುದ್ದಿ ತಂದವನು ಹೊಸ್ತಿಲಾಚೆ, ಸುದ್ದಿ ಮಾತ್ರ ಮನೆಯೊಳಗೆ! ಪೊದೆಗಪ್ಪೆಯ ಮರಿಗೆ ಇದೆಲ್ಲಾ ಮೊಟ್ಟೆಯೊಳಗೇ ಮುಗಿದಿರುತ್ತದೆ.

ರಾಯರು 1937ರಲ್ಲಿ ನಿವೃತ್ತರಾಗಿ, 1960ರಲ್ಲಿ ತೀರಿಕೊಂಡರು. ಅವರು ಹೆಸರಿಟ್ಟ ಕಪ್ಪೆಗಳ ಮಾದರಿಗಳು ಕಳೆದುಹೋದವು. ನನಗೆ ತುಂಬಾ ಬೇಸರವಾದದ್ದು ಇದಕ್ಕೇ. ಯಾವ ಹೆಸರು ಯಾವ ಕಪ್ಪೆಯದು ಅಂತ ತಿಳಿಯಲು ವಿಜ್ಞಾನಿಗಳು ಪುನಃ ಅವೇ ಕಾಡುಗಳಿಗೆ ಹೋಗಬೇಕಾಯಿತು. 2010ರಲ್ಲಿ ಆ ಪೊದೆಗಪ್ಪೆಗಳ ಕುಲಕ್ಕೆ ರಾವ್ ಅವರ ಹೆಸರನ್ನೇ ಸೇರಿಸಿ ರಾವೋರ್ಕೆಸ್ಟಿಸ್ ಎಂದು ಕರೆದರು.