ಮರಳಲೊಲ್ಲದವರ ಕಾವಲಿಗೆ ನಿಂತ ಜನರಲ್ ತಿಮ್ಮಯ್ಯ

ಕೊಡಗಿನ ವೀರ ಸೇನಾನಿಗಳೆಂದೊಡನೆ ನೆನಪಾಗುವವರಲ್ಲಿ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು ಅಗ್ರಗಣ್ಯರು. 1948ರ ನವೆಂಬರ್‌ನಲ್ಲಿ ಹಿಮಾವೃತ ಜೋಜಿ ಲಾ ಕಣಿವೆಗೆ ಟ್ಯಾಂಕುಗಳನ್ನೇರಿಸಿದ ಅವರ ಸಾಹಸವನ್ನು ನಾಡು ಬಲ್ಲದು. ಆದರೆ ಯುದ್ಧ ನಿಂತ ಮೇಲೂ ತಾಯ್ನಾಡಿಗೆ ಮರಳಲೊಲ್ಲದ ಸಾವಿರಾರು ಜನರ ಹೊಣೆಯನ್ನು ಅವರು ಹೊತ್ತ ಕಥೆ ಅಷ್ಟಾಗಿ ಪ್ರಚಾರದಲ್ಲಿಲ್ಲ.

1906ರ ಮಾರ್ಚ್ 31ರಂದು ಮಡಿಕೇರಿಯಲ್ಲಿ ಜನಿಸಿದ ತಿಮ್ಮಯ್ಯನವರು ಕೂನೂರು, ಬೆಂಗಳೂರು ಹಾಗೂ ಡೆಹರಾಡೂನ್‌ಗಳಲ್ಲಿ ವ್ಯಾಸಂಗ ಮಾಡಿ, ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಲ್ಲಿ ತರಬೇತಿ ಪಡೆದು 1926ರಲ್ಲಿ ಸೇನಾಧಿಕಾರಿಯಾದರು. 1947ರ ದೇಶವಿಭಜನೆಯ ವೇಳೆ ಪಂಜಾಬಿನಲ್ಲಿ ನಿರಾಶ್ರಿತರ ರಕ್ಷಣೆ ಮತ್ತು ಸಾಗಣೆಯ ಹೊಣೆ ಅವರ ಪಾಲಿಗೆ ಬಂದಿತು. ನೆಲೆ ಕಳೆದುಕೊಂಡವರ ಸಂಕಟವನ್ನು ಅವರು ಕಣ್ಣಾರೆ ಕಂಡದ್ದು ಅಲ್ಲಿಯೇ.

1953ರ ಜುಲೈ 27ರಂದು ಕೊರಿಯಾ ಯುದ್ಧಕ್ಕೆ ವಿರಾಮ ಬಿದ್ದಾಗ ಜಟಿಲ ಪ್ರಶ್ನೆಯೊಂದು ಉಳಿದಿತ್ತು. ಕಾದಾಟ ನಿಂತೊಡನೆ ಯುದ್ಧಕೈದಿಗಳನ್ನು ಬಿಡುಗಡೆ ಮಾಡಿ ಸ್ವದೇಶಕ್ಕೆ ಕಳುಹಿಸಬೇಕೆಂಬುದು 1949ರ ಜಿನೀವಾ ಒಪ್ಪಂದದ ನಿಯಮ. ಹೋಗಲೊಲ್ಲೆ ಎನ್ನುವವನನ್ನು ಏನು ಮಾಡಬೇಕು? ಅಂಥ ಸುಮಾರು 23 ಸಾವಿರ ಕೈದಿಗಳಿದ್ದರು. ಬಹುಪಾಲು ಚೀನೀಯರು ಮತ್ತು ಉತ್ತರ ಕೊರಿಯನ್ನರು. ಇದನ್ನು ಬಗೆಹರಿಸಲು ರಚಿತವಾದ ಐದು ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ತಿಮ್ಮಯ್ಯನವರು ಅಧ್ಯಕ್ಷರಾದರು. ಮೇಜರ್ ಜನರಲ್ ಥೋರಟ್ ನೇತೃತ್ವದ ಭಾರತೀಯ ಪಡೆ ಕಾವಲಿಗೆ ನಿಂತಿತು. ಭಾರತೀಯ ಯೋಧರು ತನ್ನ ನೆಲವನ್ನು ಮೆಟ್ಟಕೂಡದೆಂದು ದಕ್ಷಿಣ ಕೊರಿಯಾ ಹಠ ಹಿಡಿದುದರಿಂದ ಅವರನ್ನು ಹೆಲಿಕಾಪ್ಟರ್‌ಗಳಲ್ಲಿ ನಿಸ್ಸೇನಾ ವಲಯಕ್ಕೆ ಇಳಿಸಬೇಕಾಯಿತು.

ಪ್ರತಿಯೊಬ್ಬ ಕೈದಿಗೂ ಅವನ ದೇಶದ ಪ್ರತಿನಿಧಿಗಳು 90 ದಿನಗಳೊಳಗೆ ತಿಳಿಹೇಳಬೇಕು, ನಿರ್ಧಾರ ಅವನದೇ ಎಂಬುದು ಕರಾರು. ಶಿಬಿರಗಳೊಳಗಿನ ಮುಖಂಡರು ಕೈದಿಗಳನ್ನು ಬೆದರಿಸಿ ತಡೆದರು. ಗಲಭೆಯಾಗಿ ಭಾರತೀಯ ಕಾವಲುಗಾರರು ಗುಂಡು ಹಾರಿಸಿದ ಪ್ರಸಂಗಗಳೂ ನಡೆದವು. ಬಲವಂತವಾಗಿಯಾದರೂ ಕೈದಿಗಳನ್ನು ಎದುರಿಗೆ ತರಬೇಕೆಂದು ಉತ್ತರದ ಪಕ್ಷ ಒತ್ತಾಯಿಸಿತು. ಅವಧಿ ಮುಗಿದೊಡನೆ ಬಿಡುಗಡೆಯಾಗಲಿ ಎಂದಿತು ಇನ್ನೊಂದು ಪಕ್ಷ. ತಿಮ್ಮಯ್ಯನವರು ಬಲಪ್ರಯೋಗಕ್ಕೆ ಒಪ್ಪಲಿಲ್ಲ. ಕೊನೆಗೆ 1954ರ ಜನವರಿ 20ರಿಂದ ಉಳಿದ ಕೈದಿಗಳನ್ನು ಸೆರೆಹಿಡಿದಿದ್ದ ಪಕ್ಷದ ವಶಕ್ಕೇ ಒಪ್ಪಿಸತೊಡಗಿದರು. ಎರಡೂ ಕಡೆಯ ಅಸಮಾಧಾನಕ್ಕೆ ಗುರಿಯಾದರೂ, ಯಾರನ್ನೂ ಬಲವಂತವಾಗಿ ತಾಯ್ನಾಡಿಗೆ ಅಟ್ಟಲಿಲ್ಲ.

ಎರಡೂ ಪಕ್ಷಗಳನ್ನು ಒಲ್ಲದೆ ತಟಸ್ಥ ದೇಶವನ್ನು ಬಯಸಿದ 88 ಮಂದಿ ಭಾರತೀಯ ಪಡೆಯೊಂದಿಗೆ ಹಡಗೇರಿ ಮದ್ರಾಸಿಗೆ ಬಂದರು. ಮುಂದೆ ಅವರಲ್ಲಿ ಅನೇಕರು ಬ್ರೆಜಿಲ್, ಅರ್ಜೆಂಟೀನಗಳಿಗೆ ತೆರಳಿದರು.

1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದ ತಿಮ್ಮಯ್ಯನವರು 1964ರಲ್ಲಿ ಸೈಪ್ರಸ್‌ನ ವಿಶ್ವಸಂಸ್ಥೆ ಶಾಂತಿಪಾಲನಾ ಪಡೆಯ ದಂಡನಾಯಕರಾದರು. ಗ್ರೀಕ್ ಮತ್ತು ತುರ್ಕಿ ಸಮುದಾಯಗಳ ಕಲಹದಿಂದ ಸಾವಿರಾರು ಜನರು ಊರು ತೊರೆದಿದ್ದ ಆ ದ್ವೀಪದಲ್ಲಿಯೇ, 1965ರ ಡಿಸೆಂಬರ್ 18ರಂದು, ಕರ್ತವ್ಯದಲ್ಲಿರುವಾಗಲೇ ನಿಧನರಾದರು. ಸೈಪ್ರಸ್ ಅವರ ಗೌರವಾರ್ಥ ಅಂಚೆಚೀಟಿ ಹೊರತಂದಿತು. ಮಡಿಕೇರಿಯ ಅವರ ಮನೆ ‘ಸನ್ನಿ ಸೈಡ್’ 2021ರಲ್ಲಿ ವಸ್ತುಸಂಗ್ರಹಾಲಯವಾಯಿತು.

ಪ್ರಾಣಭಯವಿರುವಲ್ಲಿಗೆ ನಿರಾಶ್ರಿತನನ್ನು ಮರಳಿ ಅಟ್ಟಬಾರದೆಂಬುದು 1951ರ ವಿಶ್ವಸಂಸ್ಥೆಯ ನಿರಾಶ್ರಿತರ ಒಪ್ಪಂದದ ತಿರುಳು. ಆ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ; ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾನೂನೂ ದೇಶದಲ್ಲಿಲ್ಲ. ಹೀಗಿರುವಾಗ, ಕೊರಿಯಾದ ಕೊರೆಯುವ ಚಳಿಯಲ್ಲಿ ಕೊಡಗಿನ ಸೇನಾನಿಯೊಬ್ಬರು ಕೈದಿಯ ಇಚ್ಛೆಗೆ ಕೊಟ್ಟ ಬೆಲೆ ಇಂದಿಗೂ ಸ್ಮರಣೀಯ.