ಕರ್ನಾಟಕದ ಗಾಂಧಿ ಹರ್ಡೇಕರ ಮಂಜಪ್ಪನವರು

ಖಡ್ಗವನ್ನು ಹಿಡಿದು ನಾಡನ್ನು ಎಚ್ಚರಿಸಿದವರು ಕೆಲವರು. ಲೇಖನಿಯನ್ನು ಹಿಡಿದು ಎಚ್ಚರಿಸಿದವರು ಮತ್ತೆ ಕೆಲವರು. ಊರಿಂದೂರಿಗೆ ಸಂಚರಿಸಿ, ನುಡಿಯೊಂದನ್ನೇ ಸಾಧನವನ್ನಾಗಿ ಮಾಡಿಕೊಂಡು, ನುಡಿದಂತೆ ನಡೆದು, ಜನಮನವನ್ನು ತಿದ್ದಿದ ಮಹನೀಯರು ಎಲ್ಲ ಕಾಲಕ್ಕೂ ವಿರಳ. ಅಂತಹ ವಿರಳರ ಸಾಲಿನಲ್ಲಿ ಕನ್ನಡ ನಾಡು ಗೌರವದಿಂದ ಸ್ಮರಿಸುವ ಹೆಸರು ಹರ್ಡೇಕರ ಮಂಜಪ್ಪನವರದು. ತುಬಚಿ, ಜಮಖಂಡಿ, ಬೀಳಗಿಗಳ ಸೀಮೆಯನ್ನು ತಣಿಸಿ ಮುಂದೆ ಹರಿಯುವ ಕೃಷ್ಣೆಯ ತಟದಲ್ಲಿಯೇ, ಆಲಮಟ್ಟಿಯಲ್ಲಿ, ಅವರು ತಮ್ಮ ಬಾಳಿನ ಕೊನೆಯ ಎರಡು ದಶಕಗಳನ್ನು ಸವೆಸಿದರು. ಆದುದರಿಂದ ಅವರ ಚರಿತ್ರೆ ಈ ಭಾಗದ ವಿದ್ಯಾರ್ಥಿಗಳಿಗೆ ದೂರದ ಕಥೆಯಲ್ಲ. ನೆರೆಮನೆಯ ಹಿರಿಯರ ವೃತ್ತಾಂತವಾಗಿದೆ.

ಮಂಜಪ್ಪನವರು 1886ನೆಯ ಇಸವಿ ಫೆಬ್ರುವರಿ 18ರಂದು ಕದಂಬರ ರಾಜಧಾನಿಯಾಗಿ ಮೆರೆದಿದ್ದ ಬನವಾಸಿಯಲ್ಲಿ ಜನಿಸಿದರು. ಮನೆಯಲ್ಲಿ ಬಡತನವಿತ್ತು, ಉನ್ನತ ಶಿಕ್ಷಣಕ್ಕೆ ಅನುಕೂಲವಿರಲಿಲ್ಲ. ಮುಲ್ಕಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಶಿರಸಿಯಲ್ಲಿ ಶಾಲಾಶಿಕ್ಷಕರಾದರು. ಸರಕಾರಿ ಶಿಕ್ಷಕನ ವೃತ್ತಿಯೆಂದರೆ ಅಂದಿನ ಬಡ ಕುಟುಂಬಕ್ಕೆ ಅಲ್ಪವೇತನದ್ದಾದರೂ ಭದ್ರವಾದ ಆಸರೆ. ಆದರೆ ಆ ವೇಳೆಗೆ ದೇಶದ ಗಾಳಿ ಬದಲಾಗಿತ್ತು. 1905ರಲ್ಲಿ ವೈಸರಾಯ ಕರ್ಜನ್ನನು ವಂಗದೇಶವನ್ನು ವಿಭಜಿಸಿದನು. ಸ್ವದೇಶಿ ವ್ರತವೂ ಪರದೇಶಿ ವಸ್ತುಗಳ ಬಹಿಷ್ಕಾರವೂ ದೇಶವನ್ನೆಲ್ಲ ವ್ಯಾಪಿಸಿದವು. ಲೋಕಮಾನ್ಯ ತಿಲಕರ ‘ಕೇಸರಿ’ಯ ಲೇಖನಗಳು ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳ ತರುಣರನ್ನು ಬಡಿದೆಬ್ಬಿಸಿದವು. ಪರಕೀಯರ ಸೇವೆಯಲ್ಲಿದ್ದುಕೊಂಡು ಮಕ್ಕಳಿಗೆ ಸ್ವಾಭಿಮಾನವನ್ನು ಬೋಧಿಸುವುದು ಹೇಗೆಂಬ ಪ್ರಶ್ನೆ ಮಂಜಪ್ಪನವರನ್ನು ಕಾಡಿತು. ಅವರು ನೌಕರಿಯನ್ನು ತ್ಯಜಿಸಿ ಮೈಸೂರು ಸಂಸ್ಥಾನದ ದಾವಣಗೆರೆಗೆ ಬಂದು, 1906ರಲ್ಲಿ ‘ಧನುರ್ಧಾರಿ’ ಎಂಬ ವಾರಪತ್ರಿಕೆಯನ್ನು ಆರಂಭಿಸಿದರು. ಅಂದು ಅವರಿಗೆ ಕೇವಲ ಇಪ್ಪತ್ತು ವರುಷ.

ಪತ್ರಿಕೆಯ ಹಾದಿ ಸುಗಮವಾಗಿರಲಿಲ್ಲ. 1908ರಲ್ಲಿ ತಿಲಕರಿಗೆ ಆರು ವರ್ಷಗಳ ಶಿಕ್ಷೆಯಾಗಿ ಅವರನ್ನು ಮಂಡಾಲೆಗೆ ಕಳುಹಿಸಲಾಯಿತು. ಅದೇ ವರ್ಷ ಮೈಸೂರು ಸಂಸ್ಥಾನವೂ ವೃತ್ತಪತ್ರಿಕೆಗಳನ್ನು ನಿರ್ಬಂಧಿಸುವ ಶಾಸನವನ್ನು ಹೊರಡಿಸಿತು. ಬರೆದ ಒಂದೊಂದು ಸಾಲಿಗೂ ಅಧಿಕಾರದ ಕಣ್ಗಾವಲು ಬಿದ್ದ ಕಾಲವದು. ಅಲ್ಲದೆ, ಪತ್ರಿಕೆಯನ್ನು ಓದಬಲ್ಲವರು ಆಗ ಎಷ್ಟು ಮಂದಿ? ಅಕ್ಷರ ಬಾರದ ಒಕ್ಕಲಿಗ, ನೇಕಾರ, ಬಣಜಿಗ, ಹೆಂಗಸರು, ಮಕ್ಕಳು, ಇವರನ್ನು ಮುಟ್ಟಬೇಕಾದರೆ ಉಪನ್ಯಾಸವೇ ಮಾರ್ಗವಾಗಿತ್ತು. ಮಂಜಪ್ಪನವರು ಆ ಮಾರ್ಗವನ್ನು ಹಿಡಿದರು. ಆಜನ್ಮ ಬ್ರಹ್ಮಚರ್ಯ ವ್ರತವನ್ನು ಕೈಕೊಂಡು, ಸಂಸಾರದ ಚಿಂತೆಯನ್ನು ತೊರೆದು, ಕರ್ನಾಟಕದ ಊರೂರುಗಳನ್ನು ಸುತ್ತಿ ದೇಶಭಕ್ತಿ, ಸದಾಚಾರ, ಸ್ವದೇಶಿ, ಸ್ತ್ರೀಶಿಕ್ಷಣ, ಶರಣಧರ್ಮಗಳನ್ನು ಕುರಿತು ಮಾತನಾಡತೊಡಗಿದರು.

ಮಹಾರಾಷ್ಟ್ರದಲ್ಲಿ 1893ರಿಂದ ಗಣೇಶೋತ್ಸವವು ಸಾರ್ವಜನಿಕ ಉಪನ್ಯಾಸಗಳಿಗೆ ವೇದಿಕೆಯನ್ನು ಒದಗಿಸಿತ್ತು. ರಾಜಕೀಯ ಸಭೆಗೆ ಬರಲು ಅಂಜುವವರು ಉತ್ಸವಕ್ಕೆ ಅಂಜದೆ ಬರುತ್ತಿದ್ದರು. ಮಂಜಪ್ಪನವರು 1913ರಲ್ಲಿ, ದಾವಣಗೆರೆಯ ವಿರಕ್ತಮಠದಲ್ಲಿದ್ದು ಮುಂದೆ ಧಾರವಾಡದ ಮುರುಘಾಮಠವನ್ನು ಬೆಳಗಿದ ಪೂಜ್ಯ ಮೃತ್ಯುಂಜಯ ಸ್ವಾಮಿಗಳ ಸಹಕಾರದಿಂದ, ಬಸವಜಯಂತಿಯನ್ನು ಸಾರ್ವಜನಿಕ ಉತ್ಸವವನ್ನಾಗಿ ಆಚರಿಸಿದರು. ಇಂದು ನಾಡಿನ ಹಳ್ಳಿಹಳ್ಳಿಗಳಲ್ಲಿ ನಡೆಯುವ ಬಸವಜಯಂತಿಯ ಮೂಲ ಅಲ್ಲಿದೆ. ಪೂಜೆಯಲ್ಲಿ ಮುಗಿಯಬಹುದಾಗಿದ್ದ ದಿನವನ್ನು ಅವರು ವಿಚಾರದ ದಿನವನ್ನಾಗಿ ಮಾರ್ಪಡಿಸಿದರು.

ಆ ವಿಚಾರದ ಅಗತ್ಯವೇನೆಂಬುದನ್ನು ತಿಳಿಯಬೇಕಾದರೆ ಅಂದಿನ ಚರಿತ್ರೆಯ ಸ್ಥಿತಿಯನ್ನು ನೆನೆಯಬೇಕು. ಆಳುವವರು ಬರೆದದ್ದೇ ಚರಿತ್ರೆಯೆನಿಸಿದ್ದ ಕಾಲವದು. 1824ರಲ್ಲಿ ಕಿತ್ತೂರಿನ ಕೋಟೆಯ ಮುಂದೆ ನಡೆದ ಸ್ವಾತಂತ್ರ್ಯದ ಹೋರಾಟವು ಸರಕಾರಿ ದಾಖಲೆಗಳಲ್ಲಿ ಬಂಡಾಯವಾಗಿತ್ತು. 1857ರಲ್ಲಿ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ತಮ್ಮ ಆಯುಧಗಳನ್ನು ಒಪ್ಪಿಸಲು ನಿರಾಕರಿಸಿದಾಗ ಊರಿಗೆ ಬೆಂಕಿ ಬಿದ್ದಿತು. 19 ಮಂದಿಯನ್ನು ಮುಧೋಳ ಹಾಗೂ ಹಲಗಲಿಗಳಲ್ಲಿ ಗಲ್ಲಿಗೇರಿಸಲಾಯಿತು. ಸರಕಾರ ಅದನ್ನು ದಂಗೆಯೆಂದು ಬರೆಯಿತು. ಜನತೆ ಅದನ್ನು ಲಾವಣಿ ಕಟ್ಟಿ ಹಾಡಿತು. ಆ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವನು ಆಂಗ್ಲ ಅಧಿಕಾರಿಯೇ ಆದ ಜೆ. ಎಫ್. ಫ್ಲೀಟನೆಂಬುದು ಚರಿತ್ರೆಯ ವೈಚಿತ್ರ್ಯ. ಕನ್ನಡ ಶಾಸನಗಳಿಗೆ ಆ ವಿದ್ವಾಂಸನು ಮಾಡಿದ ಸೇವೆ ಹಿರಿದು. ಆದರೆ ಅವನೇ ಅಬ್ಬಲೂರಿನ ಶಾಸನವನ್ನು ಆಧರಿಸಿ, ವೀರಶೈವದ ಪುನರುಜ್ಜೀವನಕ್ಕೆ ಏಕಾಂತದ ರಾಮಯ್ಯನೇ ನಿಜವಾದ ಕಾರಣಪುರುಷನೆಂದು ಭಾವಿಸಿ, ಬಸವಣ್ಣನವರ ಚರಿತ್ರೆಯನ್ನು ಸಂದೇಹಕ್ಕೆ ಈಡುಮಾಡಿದನು. ಪುರಾಣಗಳ ಹೊರತು ಬೇರೆ ಆಧಾರಗಳು ಆಗ ವಿದ್ವಜ್ಜನರ ಕೈಗೆ ಸಿಕ್ಕಿರಲಿಲ್ಲ. ಮುಂದೆ 1260ರ ಅರ್ಜುನವಾಡ ಶಾಸನವು ಬೆಳಕಿಗೆ ಬಂದಿತು, ವಿಜಾಪುರದಲ್ಲಿ ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು. ವಿದ್ವತ್ತಿನ ಈ ಕಾರ್ಯ ಒಂದು ಕಡೆ ನಡೆಯುತ್ತಿದ್ದಾಗ, ಜನಸಾಮಾನ್ಯರ ನಡುವೆ ಬಸವಣ್ಣನವರನ್ನು ಪವಾಡಪುರುಷನ ಪಟ್ಟದಿಂದ ಇಳಿಸಿ, ಸಮಾಜವನ್ನು ತಿದ್ದಿದ ಮಾನವನನ್ನಾಗಿ ಕಾಣಿಸಿದ ಕೀರ್ತಿಯಲ್ಲಿ ಬಹುಪಾಲು ಮಂಜಪ್ಪನವರಿಗೆ ಸಲ್ಲಬೇಕು.

ದೇಶದ ರಾಜಕಾರಣವೂ ಆಗ ತಿರುವುಗಳನ್ನು ಕಾಣುತ್ತಲಿತ್ತು. 1919ರ ಸುಧಾರಣೆಗಳಿಂದ ಶಾಸನಸಭೆಗಳ ಬಾಗಿಲು ಸ್ವಲ್ಪ ತೆರೆಯಿತು. 1920ರಲ್ಲಿ ತಿಲಕರು ತೀರಿಕೊಂಡು ಗಾಂಧೀಜಿಯವರ ಅಸಹಕಾರದ ಯುಗ ಮೊದಲಾಯಿತು. ಅದೇ ಕಾಲದಲ್ಲಿ ಬ್ರಾಹ್ಮಣೇತರ ಚಳವಳಿಯೂ ಮುಂಬಯಿ ಕರ್ನಾಟಕದಲ್ಲಿ ಬಲಗೊಂಡಿತು. ವಿದ್ಯೆಯಲ್ಲಿಯೂ ಸರಕಾರಿ ಹುದ್ದೆಗಳಲ್ಲಿಯೂ ಹಿಂದುಳಿದಿದ್ದ ಲಿಂಗಾಯತರಲ್ಲಿ ಅನೇಕರು, ಕಾಂಗ್ರೆಸ್ಸು ಕೆಲವೇ ಜನರ ಸಂಸ್ಥೆಯೆಂದು ಶಂಕಿಸಿ ದೂರ ನಿಂತರು. ಅವರ ಕೊರಗು ಸುಳ್ಳಾಗಿರಲಿಲ್ಲ. ಆದರೆ ಸಮಾಜದ ಏಳಿಗೆಗಾಗಿ ದೇಶದ ಹೋರಾಟದಿಂದ ಹೊರಗುಳಿಯಬೇಕೆ, ದೇಶಕ್ಕಾಗಿ ಸಮಾಜದ ಕೊರಗನ್ನು ಮರೆಯಬೇಕೆ ಎಂಬ ಇಕ್ಕಟ್ಟು ವಿಚಾರವಂತರ ಮುಂದೆ ನಿಂತಿತು. ಮಂಜಪ್ಪನವರು ಈ ಎರಡರಲ್ಲಿ ಒಂದನ್ನು ಆರಿಸಲು ಒಪ್ಪಲಿಲ್ಲ. ಶರಣರ ಕಾಯಕದಲ್ಲಿ ಅವರು ಚರಕವನ್ನು ಕಂಡರು. ಕಲ್ಯಾಣದ ಸಮಾನತೆಯಲ್ಲಿ ಅಸ್ಪೃಶ್ಯತಾ ನಿವಾರಣೆಯನ್ನು ಕಂಡರು. ಶರಣರ ನಿರ್ಭಯದ ನಡೆಯಲ್ಲಿ ಸತ್ಯಾಗ್ರಹವನ್ನು ಕಂಡರು. ಬಸವಣ್ಣನವರನ್ನು ಒಪ್ಪಿದವನು ಗಾಂಧೀಜಿಯವರನ್ನು ಪರಕೀಯರೆಂದು ಬಗೆಯಲಾರನೆಂಬುದು ಅವರ ಉಪನ್ಯಾಸಗಳ ತಿರುಳಾಗಿತ್ತು. ಈ ನಡುವಿನ ಹಾದಿ ಕಠಿಣವಾದುದು. ಸಮಾಜದವರೂ ರಾಜಕಾರಣಿಗಳೂ ಒಮ್ಮೆಗೇ ಸಂಶಯದಿಂದ ನೋಡಬಹುದಾದ ಹಾದಿ. ಅವರು ಅದನ್ನು ಬಿಡಲಿಲ್ಲ.

ಗಾಂಧೀಜಿಯವರ ಜೀವನಚರಿತ್ರೆಯನ್ನು ಕನ್ನಡಕ್ಕೆ ಕೊಟ್ಟ ಮೊದಲಿಗರಲ್ಲಿ ಮಂಜಪ್ಪನವರೂ ಒಬ್ಬರು. ಸಾಬರಮತಿಯ ಆದರ್ಶವನ್ನು ಮುಂದಿರಿಸಿಕೊಂಡು ಹರಿಹರದ ತುಂಗಭದ್ರಾ ತೀರದಲ್ಲಿ ಅವರು ಆಶ್ರಮವನ್ನು ಸ್ಥಾಪಿಸಿದರು. 1924ರ ಡಿಸೆಂಬರದಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ಜರುಗಿತು. ಗಾಂಧೀಜಿಯವರು ತಮ್ಮ ಬಾಳಿನಲ್ಲಿ ಅಧ್ಯಕ್ಷತೆ ವಹಿಸಿದ ಏಕಮೇವ ಅಧಿವೇಶನವದು. ಮಂಜಪ್ಪನವರು ಬಸವೇಶ್ವರ ಸೇವಾದಳವನ್ನು ಕಟ್ಟಿ, ಅಲ್ಲಿ ಸ್ವಯಂಸೇವೆಯ ಭಾರವನ್ನು ಹೊತ್ತರು. ಬಸವನಾಮವನ್ನು ಹೊತ್ತ ದಳವೊಂದು ರಾಷ್ಟ್ರೀಯ ಮಹಾಸಭೆಯ ಅಂಗಳದಲ್ಲಿ ಸೇವೆಗೆ ನಿಂತುದು, ಅವರು ವರ್ಷಗಟ್ಟಲೆ ನುಡಿದುದಕ್ಕೆ ದೊರೆತ ರೂಪವಾಗಿತ್ತು. ಮುಂದಿನ ದಶಕದಲ್ಲಿ ಲಿಂಗಾಯತ ಸಮಾಜದ ತರುಣರು ರಾಷ್ಟ್ರೀಯ ಹೋರಾಟಕ್ಕೆ ಹೆಚ್ಚು ಹೆಚ್ಚಾಗಿ ಧುಮುಕಿದರು. ಆ ಪರಿವರ್ತನೆಗೆ ಕಾರಣಗಳು ಅನೇಕ. ನೆಲವನ್ನು ಮೊದಲೇ ಹದಗೊಳಿಸಿದವರಲ್ಲಿ ಮಂಜಪ್ಪನವರು ಪ್ರಮುಖರು.

1927ರಲ್ಲಿ ಅವರು ಆಲಮಟ್ಟಿಗೆ ಬಂದು ವಿದ್ಯಾಲಯವನ್ನು ತೆರೆದರು. ಬಸವಣ್ಣನವರು ಹುಟ್ಟಿದ ಬಾಗೇವಾಡಿಗೂ ಐಕ್ಯರಾದ ಕೂಡಲಸಂಗಮಕ್ಕೂ ನಡುವೆ ಇರುವ ತಾಣವದು. ಕೃಷ್ಣೆಯ ಒಂದು ದಡದಲ್ಲಿ ಕಂಪನಿಯ ವಾರಸುದಾರರ ನೇರ ಆಡಳಿತ. ಮೇಲ್ಭಾಗದಲ್ಲಿ ಜಮಖಂಡಿಯ ಪಟವರ್ಧನರ, ಮುಧೋಳದ ಘೋರ್ಪಡೆಯವರ ಸಂಸ್ಥಾನಗಳು. ಇಲ್ಲಿಯ ರೈತನು ಪರದೇಶದ ಪ್ರಭುತ್ವಕ್ಕೂ ಸ್ವದೇಶದ ಅರಸೊತ್ತಿಗೆಗೂ ತಲೆಬಾಗಿ ಬಾಳುತ್ತಿದ್ದನು. ಇಂತಹ ಹಿಂದುಳಿದ ಸೀಮೆಯಲ್ಲಿ ಅಕ್ಷರ, ದೇಹಶ್ರಮ, ಸರಳಜೀವನ ಈ ಮೂರನ್ನೂ ಒಂದುಗೂಡಿಸಿದ ಶಿಕ್ಷಣವನ್ನು ನೀಡಲು ಅವರು ಹೆಣಗಿದರು. ‘ಖಾದಿವಿಜಯ’, ‘ಶರಣಸಂದೇಶ’ ಪತ್ರಿಕೆಗಳನ್ನು ನಡೆಯಿಸಿದರು. ಹತ್ತಾರು ಪುಸ್ತಕಗಳನ್ನು ಸಾಮಾನ್ಯರಿಗೆ ತಿಳಿಯುವ ಶೈಲಿಯಲ್ಲಿ ಬರೆದರು. ಅಧಿಕಾರವನ್ನು ಬಯಸಲಿಲ್ಲ, ಆಸ್ತಿಯನ್ನು ಕೂಡಿಡಲಿಲ್ಲ. ಜನತೆ ಅವರನ್ನು ಪ್ರೀತಿಯಿಂದ ಕರ್ನಾಟಕದ ಗಾಂಧಿಯೆಂದು ಕರೆಯಿತು.

1947ರ ಜನವರಿ 3ರಂದು, ವಯಸ್ಸು 61 ತುಂಬಲು ಕೆಲವೇ ವಾರಗಳಿರುವಾಗ, ಮಂಜಪ್ಪನವರು ಲಿಂಗೈಕ್ಯರಾದರು. ಇನ್ನು ಏಳೂವರೆ ತಿಂಗಳು ಬದುಕಿದ್ದರೆ ತಾವು ನಾಲ್ವತ್ತು ವರ್ಷ ದುಡಿದ ಸ್ವಾತಂತ್ರ್ಯವನ್ನು ಕಣ್ಣಾರೆ ಕಾಣುತ್ತಿದ್ದರು. 1948ರಲ್ಲಿ ಜಮಖಂಡಿ, ಮುಧೋಳ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರಲ್ಲಿ ಕನ್ನಡ ನಾಡು ಒಂದಾಯಿತು. ಅವರು ವಾಸಿಸಿದ್ದ ಆಲಮಟ್ಟಿಯಲ್ಲಿ ಕೃಷ್ಣೆಗೆ ಮಹಾ ಅಣೆಕಟ್ಟು ಎದ್ದು ನಿಂತು, ಅದರ ನೀರು ಹಿಂದಕ್ಕೆ ಸರಿದು ನೂರಾರು ಊರುಗಳ ಬಾಳನ್ನು ಬದಲಿಸಿದೆ.

ಕಾಲ ಬದಲಾದಂತೆ ರಾಜಕಾರಣದ ಪಕ್ಷಗಳು ಬದಲಾಗುತ್ತವೆ. ಚರಿತ್ರೆಯನ್ನು ಬರೆಯುವವರೂ ಬದಲಾಗುತ್ತಾರೆ. ಹಿಂದಿನವರನ್ನು ತಮ್ಮವರೆಂದು ಹೇಳಿಕೊಳ್ಳುವ ಪೈಪೋಟಿ ಎಂದಿಗೂ ನಿಲ್ಲುವುದಿಲ್ಲ. ಅಂತಹ ಹೊತ್ತಿನಲ್ಲಿ ಕೇಳಿದ್ದನ್ನೆಲ್ಲ ನಂಬದೆ, ಆಧಾರವನ್ನು ಅರಸಿ, ತಾನು ಆಡುವ ಮಾತಿಗೆ ತನ್ನ ನಡೆಯನ್ನೇ ಸಾಕ್ಷಿಯಾಗಿ ನಿಲ್ಲಿಸುವುದು ವಿದ್ಯಾವಂತನ ಕರ್ತವ್ಯ. ವೇದಿಕೆಯ ಮೇಲೆ ನಿಂತು ಮಾತನಾಡಲು ಕಲಿಯುತ್ತಿರುವ ವಿದ್ಯಾರ್ಥಿಗಳು, ಮಾತಿನ ಹಿಂದೆ ಇರಬೇಕಾದ ಬಾಳು ಎಂತಹುದೆಂಬುದನ್ನು ಮಂಜಪ್ಪನವರ ಚರಿತ್ರೆಯಿಂದ ಅರಿತುಕೊಂಡರೆ, ಆ ಮಹನೀಯರ ಸ್ಮರಣೆ ಸಾರ್ಥಕವಾದೀತು.